ಚಾಂಗ್ ಕಡೆಯೋ, ಎಂಗ್ ಕಡೆಯೋ? ಬಂಕರ್ ಮನೆತನದ ಬೇರು ಹುಡುಕಲು ಸಹಾಯ ಬೇಕು

ಶಾರ್ಲೆಟ್ ಕನ್ನಡತಿ
ಎಲ್ಲರಿಗೂ ನಮಸ್ಕಾರ. ಇದು ನಮ್ಮ ಮನೆತನದ ವಿಷಯ ಅಲ್ಲ, ನನ್ನ ಗೆಳತಿಯದು. ನಾವಿರುವುದು ನಾರ್ತ್ ಕ್ಯಾರೊಲಿನಾದಲ್ಲಿ. ಅವಳ ಅಜ್ಜಿಯ ಕಡೆಯವರು ಇಲ್ಲಿನ ಸರ್ರಿ ಕೌಂಟಿಯವರು (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ), ಬಂಕರ್ ಅಂತ ಅಡ್ಡಹೆಸರು. "ಸಯಾಮಿ ಅವಳಿ" ಅಂತ ನಾವೆಲ್ಲ ಹೇಳ್ತೀವಲ್ಲ, ಆ ಹೆಸರು ಬರಲು ಕಾರಣರಾದ ಚಾಂಗ್ ಮತ್ತು ಎಂಗ್ ಬಂಕರ್ ವಂಶ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಇಬ್ಬರೂ 1811ರಲ್ಲಿ ಸಯಾಮಿನಲ್ಲಿ, ಅಂದ್ರೆ ಇವತ್ತಿನ ಥಾಯ್ಲೆಂಡಿನಲ್ಲಿ ಹುಟ್ಟಿದರು. ಎದೆಗೂಡಿನ ಕೆಳಗೆ ಒಂದು ಮಾಂಸದ ಪಟ್ಟಿಯಿಂದ ಅಂಟಿಕೊಂಡೇ ಹುಟ್ಟಿದವರು. 1829ರಲ್ಲಿ ಹಡಗು ಹತ್ತಿಸಿ ಬಾಸ್ಟನ್ನಿಗೆ ತಂದು ಊರೂರಲ್ಲಿ ಪ್ರದರ್ಶನಕ್ಕಿಟ್ಟರು. 21 ತುಂಬಿದ ಮೇಲೆ ಇವರು ಕರೆತಂದವರ ಜತೆಗಿನ ಒಪ್ಪಂದ ಬಿಟ್ಟು ಸ್ವಂತವಾಗಿ ಪ್ರದರ್ಶನ ನಡೆಸಿದರು. ಕೈಗೆ ದುಡ್ಡು ಬಂತು. 1839ರಲ್ಲಿ ಇಲ್ಲಿನ ವಿಲ್ಕ್ಸ್ ಕೌಂಟಿಗೆ ಬಂದು ಜಮೀನು ಕೊಂಡರು. 1843ರ ಏಪ್ರಿಲ್ 13ರಂದು ಅಕ್ಕತಂಗಿಯರನ್ನು ಮದುವೆಯಾದರು. ಚಾಂಗ್‌ಗೆ ಅಡಿಲೇಡ್ ಯೇಟ್ಸ್, ಎಂಗ್‌ಗೆ ಸಾರಾ ಯೇಟ್ಸ್. ಚಾಂಗ್‌ಗೆ 10 ಮಕ್ಕಳು, ಎಂಗ್‌ಗೆ 11.

ಈಗ ಸಮಸ್ಯೆ. ಗೆಳತಿಯ ಅಜ್ಜಿಯ ಅಜ್ಜಿ ಬಂಕರ್ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು, ಅವಳಿಗಳಲ್ಲಿ ಒಬ್ಬರ ಮೊಮ್ಮಗಳು, ಹುಟ್ಟಿದ್ದು 1880ರ ಆಸುಪಾಸು. ಇಷ್ಟು ಮಾತ್ರ ಎಲ್ಲರೂ ಒಪ್ತಾರೆ. ಯಾರ ಮೊಮ್ಮಗಳು ಅನ್ನುವುದರಲ್ಲಿ ಮನೆಯೇ ಎರಡು ಭಾಗ. ಸೋದರಮಾವ ಚಾಂಗ್ ಅಂತಾರೆ, ಚಿಕ್ಕಮ್ಮ ಎಂಗ್ ಅಂತಾರೆ. ಡಿಎನ್‌ಎ ಪರೀಕ್ಷೆ ಮಾಡಿಸಿದಳು. ಎರಡೂ ಕಡೆಯ ಸಂಬಂಧಿಕರು ಸಾಲಾಗಿ ಬಂದು ನಿಂತರು, ಗೊಂದಲ ಇನ್ನೂ ಜಾಸ್ತಿ ಆಯ್ತು. ಯಾವ ಪರೀಕ್ಷೆ ಮಾಡಿಸಿದರೆ ಗ್ಯಾರಂಟಿ ಗೊತ್ತಾಗುತ್ತೆ?

ಸುಮ್ನೆ ಓದುಗ
21 ಮಕ್ಕಳು! ಒಂದು ಸಂಶಯ ಇದೆ, ಕೇಳಿದರೆ ಅಡ್ಮಿನ್ ಬೈತಾರೆ.

ಅಡ್ಮಿನ್
ಬೈತೀನಿ. ಕೇಳಬೇಡಿ.

ಜೀವಕೋಶ
ಮೇಡಂ, ಯಾವ ಪರೀಕ್ಷೆಯೂ ಗ್ಯಾರಂಟಿ ಕೊಡಲ್ಲ. ದುಡ್ಡು ಉಳಿಸಿಕೊಳ್ಳಿ.

ಅಂಟಿಕೊಂಡು ಹುಟ್ಟುವ ಅವಳಿಗಳು ಒಂದೇ ಮೊಟ್ಟೆಯಿಂದ ಬಂದವರು. ಹಾಗಾಗಿ ಚಾಂಗ್ ಮತ್ತು ಎಂಗ್ ಇಬ್ಬರ ಡಿಎನ್‌ಎಯೂ ಒಂದೇ. ಅಪ್ಪನಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮ್ ನೋಡೋಣ ಅಂದ್ರೆ ಇಬ್ಬರ ಗಂಡುಮಕ್ಕಳಲ್ಲೂ ಅದು ಒಂದೇ. ತಾಯಿಯಿಂದ ಮಾತ್ರ ಇಳಿಯುವ ಮೈಟೋಕಾಂಡ್ರಿಯ ಡಿಎನ್‌ಎ ನೋಡೋಣ ಅಂದ್ರೆ ತಾಯಂದಿರೂ ಒಡಹುಟ್ಟಿದವರು, ಅದೂ ಒಂದೇ! ನಿಮ್ಮ ಗೆಳತಿಯ ವಿಷಯದಲ್ಲಂತೂ ನಡುವೆ ಬಂಕರ್ ಗಂಡು ಒಬ್ಬ ಬರುವುದರಿಂದ ತಾಯಿಯ ಸಾಲು ಅಲ್ಲಿಗೇ ಕಡಿದುಹೋಗಿದೆ.

ಉಳಿದಿದ್ದು ಸಾಮಾನ್ಯ ಪರೀಕ್ಷೆ. ಒಡಹುಟ್ಟಿದವರು ಸರಾಸರಿ 50% ಹಂಚಿಕೊಳ್ತಾರೆ. ಅಣ್ಣತಮ್ಮಂದಿರ ಮಕ್ಕಳು ಸಾಮಾನ್ಯವಾಗಿ 12.5%. ಆದರೆ ಚಾಂಗ್‌ನ ಮಗು ಮತ್ತು ಎಂಗ್‌ನ ಮಗು ಅಪ್ಪಂದಿರಿಂದ 25%, ಅಮ್ಮಂದಿರಿಂದ 12.5%, ಒಟ್ಟು 37.5% ಹಂಚಿಕೊಳ್ತಾರೆ. ಮಾಮೂಲಿ ಲೆಕ್ಕದ ಮೂರು ಪಟ್ಟು. ಅದಕ್ಕೇ ವೆಬ್‌ಸೈಟು ನಿಮ್ಮ ಗೆಳತಿಗೆ ಎರಡೂ ಕಡೆಯವರನ್ನು ಇರುವುದಕ್ಕಿಂತ ಹತ್ತಿರದ ನೆಂಟರು ಅಂತ ತೋರಿಸುತ್ತಿದೆ. ಅವಳು ಅವಳಿಗಳಿಂದ ಆರನೇ ತಲೆ. ಅಷ್ಟು ಕೆಳಗೆ ಬರುವ ಹೊತ್ತಿಗೆ 50ಕ್ಕೂ 37.5ಕ್ಕೂ ಇರುವ ವ್ಯತ್ಯಾಸ ಏರುಪೇರಿನಲ್ಲಿ ಕೊಚ್ಚಿಹೋಗಿರುತ್ತೆ.

ಮೂಡಿಗೆರೆ ಮಳೆ
ನಮ್ಮ ಲೆಕ್ಕದಲ್ಲಾದ್ರೆ ಆ 21 ಜನರೂ ಎರಡೆರಡು ಸಲ ಅಣ್ಣತಮ್ಮ ಅಕ್ಕತಂಗಿಯರೇ. ಅಪ್ಪಂದಿರ ಕಡೆಯಿಂದಲೂ, ಅಮ್ಮಂದಿರ ಕಡೆಯಿಂದಲೂ. ನಮ್ಮಜ್ಜಿ ಕೇಳಿದ್ರೆ "ಇದರಲ್ಲಿ ಜಗಳ ಎಂಥದು, ಎಲ್ಲ ಒಂದೇ ಮನೆ ಮಕ್ಕಳು" ಅಂತಿದ್ದರು.

ರಾಲಿ ರಾಯ
@ಜೀವಕೋಶ ಸ್ವಲ್ಪ ನಿಧಾನ ಸರ್. ಒಬ್ಬಳ ಪರೀಕ್ಷೆ ಸಾಲದು, ಒಪ್ಪಿದೆ. ಆದರೆ ಕಡೆ ಗೊತ್ತಿರುವ ಐವತ್ತು ಜನರ ಜತೆ ಹೋಲಿಸಿದರೆ? ಈ ವಂಶದಲ್ಲಿ ಈಗ 1500ಕ್ಕೂ ಹೆಚ್ಚು ಜನ ಇದ್ದಾರೆ ಅಂತ ಪತ್ರಿಕೆಗಳಲ್ಲಿ ಬಂದಿದೆ. ಹೋಲಿಕೆಗೆ ಜನಕ್ಕೇನು ಬರ?

ಜೀವಕೋಶ
ಒಲವು ಗೊತ್ತಾಗಬಹುದು, ಪುರಾವೆ ಸಿಗಲ್ಲ. ಇನ್ನೊಂದು ತೊಡಕು: ಅದೇ ಬೆಟ್ಟದ ತಪ್ಪಲಿನಲ್ಲಿ ಅವವೇ ನಾಲ್ಕಾರು ಮನೆತನಗಳು ತಲೆತಲಾಂತರ ಮದುವೆ ಮಾಡಿಕೊಂಡಿವೆ. ಆ ಐವತ್ತು ಜನ ಬೇರೆ ದಾರಿಯಿಂದಲೂ ನೆಂಟರಾಗಿರ್ತಾರೆ.

ಹಳೇ ಕಡತ
ಇಷ್ಟೆಲ್ಲ ಡಿಎನ್‌ಎ ಯಾಕೆ? ಕಾಗದ ನೋಡಿ ಮಾರಾಯ್ರೆ!

ಮೊದಲು ಒಂದು ಸುಲಭದ ಲೆಕ್ಕ. ಅಜ್ಜಿಯ ಅಜ್ಜಿ ಹುಟ್ಟಿದ್ದೇ ಬಂಕರ್ ಅಡ್ಡಹೆಸರಲ್ಲಿ ಅಂದ್ರೆ ಅವಳ ಅಪ್ಪ ಬಂಕರ್, ಅಂದ್ರೆ ಅವಳಿಗಳ ಗಂಡುಮಗ. ಹೆಣ್ಣುಮಕ್ಕಳ ಸಂತಾನವನ್ನೆಲ್ಲ ಪಕ್ಕಕ್ಕಿಡಿ. ಚಾಂಗ್‌ಗೆ ಇದ್ದದ್ದು ಮೂವರೇ ಗಂಡುಮಕ್ಕಳು: ಕ್ರಿಸ್ಟೋಫರ್ ರೆನ್, ಆಲ್ಬರ್ಟ್, ಜೆಸ್ಸಿ ಲಾಫಯೆಟ್. ಎಂಗ್‌ಗೆ ಆರು: ಸ್ಟೀಫನ್ ಡಿಕೇಟರ್, ಜೇಮ್ಸ್ ಮಾಂಟ್ಗಮರಿ, ಪ್ಯಾಟ್ರಿಕ್ ಹೆನ್ರಿ, ವಿಲಿಯಂ, ಫ್ರೆಡರಿಕ್, ರಾಬರ್ಟ್. ರಾಬರ್ಟ್ 1880ಕ್ಕೆ ಇನ್ನೂ ಹುಡುಗ, ಅವನನ್ನು ಬಿಡಿ. ಉಳಿದವರು ಎಂಟು ಜನ. 21 ಮಕ್ಕಳ ಕಾಡು ಅಂತ ಹೆದರಬೇಡಿ, ಎಂಟು ಮರ ಅಷ್ಟೇ.

ಇನ್ನು ಜನಗಣತಿ. 1850ಕ್ಕಿಂತ ಮುಂಚಿನ ಅಮೆರಿಕದ ಗಣತಿಯಲ್ಲಿ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಸಂಖ್ಯೆ. 1850ರಿಂದ ಮನೆಯ ಎಲ್ಲರ ಹೆಸರು ಬರೆದರು. 1880ರಿಂದ "ಯಜಮಾನನಿಗೆ ಏನಾಗಬೇಕು" ಅನ್ನುವ ಕಾಲಂ ಬಂತು. ಹಾಗಾಗಿ 1880 ನಿಮಗೆ ಚಿನ್ನ. ಅವಳು ಆ ಗಣತಿಗೆ ಮುಂಚೆ ಹುಟ್ಟಿದ್ದರೆ ಅಪ್ಪನ ಹೆಸರಿನ ಕೆಳಗೇ "ಮಗಳು" ಅಂತ ಇರ್ತಾಳೆ.

ಶಾರ್ಲೆಟ್ ಕನ್ನಡತಿ
1880ರದ್ದು ನೋಡಿದ್ದೇವೆ ಸರ್. ಅವಳಿಲ್ಲ. ಬಹುಶಃ ಆ ಜೂನ್ ಆದ ಮೇಲೆ ಹುಟ್ಟಿದ್ದಾಳೆ. 1890ರದ್ದು ಎಲ್ಲೂ ಸಿಗ್ತಿಲ್ಲ.

ಹಳೇ ಕಡತ
ಸಿಗಲ್ಲ. ಸುಟ್ಟುಹೋಯ್ತು. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಂಕಿಯಿಂದ ಒಂದಷ್ಟು ಹೋಯ್ತು, ಆರಿಸಲು ಸುರಿದ ನೀರಿನಿಂದ ಇನ್ನಷ್ಟು. ಉಳಿದ ಒದ್ದೆ ಕಾಗದವನ್ನು ವರ್ಷಗಟ್ಟಲೆ ಹಾಗೇ ಇಟ್ಟು, ಆಮೇಲೆ ಅನುಮತಿ ಪಡೆದು ವಿಲೇವಾರಿ ಮಾಡಿದರು. 1880ರ ನಂತರ ಹುಟ್ಟಿ 1900ಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ಹೀಗೆ ಎರಡು ಗಣತಿಗಳ ನಡುವೆ ಕಣ್ಮರೆ. 1900ರಲ್ಲಿ ಸಿಗುವಾಗ ಗಂಡನ ಅಡ್ಡಹೆಸರು ಇರುತ್ತೆ.

ಧಾರವಾಡ ಪೇಡ
ನೋಡ್ರಿ, ಇದಕ್ಕೇ ನಮ್ಮ ಹೆಳವರು ವಾಸಿ. ಬೆಂಕಿ ಬೀಳಲಿ ಬಿಡಲಿ, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಅಂಗಳದಾಗ ನಿಂತು ಮುತ್ತಜ್ಜನ ಅಪ್ಪನ ಹೆಸರಿಂದ ಶುರು ಮಾಡ್ತಾರೆ. ಯಾರಿಗೆ ಎಷ್ಟು ಮಕ್ಕಳು, ಯಾರು ಯಾವ ಊರಿಂದ ವಲಸೆ ಬಂದರು, ಎಲ್ಲ ಅವರ ಹೊತ್ತಿಗೆಯಾಗ ಇರುತ್ತ. ನಾವು ಜೋಳ ಕೊಟ್ಟು ಹೊಸ ಹುಟ್ಟು ಬರೆಸಬೇಕು, ಅಷ್ಟ.

ಬೇರುಹುಡುಕಿ
ಹೆಳವರ ಹೊತ್ತಿಗೆಯಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿರುತ್ತೆ ಪೇಡಾ ಅವರೇ? ಈ ಚರ್ಚೆ ಶುರುವಾಗಿದ್ದೇ ಒಬ್ಬ ಮೊಮ್ಮಗಳಿಂದ.

ಧಾರವಾಡ ಪೇಡ
ಅದೂ ಖರೇನ.

ತುಮಕೂರು ತಟ್ಟೆಇಡ್ಲಿ
ಇವರನ್ನು ಅಮೆರಿಕಕ್ಕೆ ತಂದಿದ್ದು ಸರ್ಕಸ್‌ನ ಬಾರ್ನಮ್ ಅಲ್ವಾ? ಆ ಕಂಪನಿಯ ದಾಖಲೆಯಲ್ಲಿ ಹುಡುಕಿ.

ರಾಲಿ ರಾಯ
ಅಲ್ಲ. ತಂದವರು ರಾಬರ್ಟ್ ಹಂಟರ್ ಅನ್ನುವ ಸ್ಕಾಟಿಷ್ ವ್ಯಾಪಾರಿ ಮತ್ತು ಏಬಲ್ ಕಾಫಿನ್ ಅನ್ನುವ ಹಡಗಿನ ಕಪ್ತಾನ. ಬಾರ್ನಮ್‌ನ ನ್ಯೂಯಾರ್ಕ್ ಮ್ಯೂಸಿಯಂನಲ್ಲಿ ಇವರು ಕಾಣಿಸಿಕೊಂಡಿದ್ದು 1860ರಲ್ಲಿ, ಅದೂ ಕೆಲವೇ ವಾರ. ಅಷ್ಟು ಹೊತ್ತಿಗೆ ಇವರು ಜಮೀನ್ದಾರರು, ದೊಡ್ಡ ಸಂಸಾರಸ್ಥರು. ಮಕ್ಕಳ ಓದು, ಮನೆ ಖರ್ಚು ಅಂತ ಮತ್ತೆ ರಂಗಕ್ಕೆ ಇಳಿದಿದ್ದು.

ಬೇರುಹುಡುಕಿ
ಅಂತರ್ಜಾಲದ ವಂಶವೃಕ್ಷಗಳನ್ನು ಕಣ್ಣುಮುಚ್ಚಿ ನಂಬಬೇಡಿ ಕನ್ನಡತಿ ಅವರೇ. ಬಂಕರ್ ಅಂತ ಮ್ಯಾಸಚೂಸೆಟ್ಸ್‌ನಲ್ಲಿ ಹಳೇ ಇಂಗ್ಲಿಷ್ ಮೂಲದ ಮನೆತನಗಳಿವೆ. ಬಾಸ್ಟನ್ನಿನ ಬಂಕರ್ ಹಿಲ್ ಅಂತವರ ಹೆಸರೇ. ನ್ಯಾಂಟುಕೆಟ್ ದ್ವೀಪದ ತಿಮಿಂಗಿಲ ಬೇಟೆಗಾರರಲ್ಲೂ ಬಂಕರ್‌ಗಳು ತುಂಬಾ. ಅವಳಿಗಳಿಗೆ ಹುಟ್ಟಿನಿಂದ ಅಡ್ಡಹೆಸರೇ ಇರಲಿಲ್ಲ, ಅಮೆರಿಕಕ್ಕೆ ಬಂದ ಮೇಲೆ ಇಟ್ಟುಕೊಂಡಿದ್ದು. ನ್ಯಾಂಟುಕೆಟ್ ಬಂಕರ್‌ನ ಕೊಂಬೆಗೆ ಸಯಾಮಿನ ಅವಳಿಗಳನ್ನು ನೇತುಹಾಕಿದ ಮರ ಒಂದನ್ನು ನಾನೇ ನೋಡಿದ್ದೇನೆ. ಅದನ್ನು ಇನ್ನೊಬ್ಬರು ನಕಲು ಮಾಡ್ತಾರೆ, ಮತ್ತೊಬ್ಬರು ಅದರ ನಕಲು. ಸುಳ್ಳಿಗೆ ಸಾಕ್ಷಿ ಜಾಸ್ತಿ ಆಗುತ್ತೆ.

ಹೆಸರುಗಳೂ ಕಾಟ. ಪ್ಯಾಟ್ರಿಕ್ ಹೆನ್ರಿ ಅಂತ ಹುಡುಕಿದರೆ ಸ್ವಾತಂತ್ರ್ಯ ಹೋರಾಟದ ಭಾಷಣಕಾರ ಬರ್ತಾನೆ. ಸ್ಟೀಫನ್ ಡಿಕೇಟರ್ ಅಂದ್ರೆ ನೌಕಾಪಡೆಯ ವೀರ. ಕ್ರಿಸ್ಟೋಫರ್ ರೆನ್ ಅಂದ್ರೆ ಲಂಡನ್ನಿನ ವಾಸ್ತುಶಿಲ್ಪಿ. ಮಕ್ಕಳನ್ನು ಅಮೆರಿಕದವರನ್ನಾಗಿ ಮಾಡಲು ಅವಳಿಗಳಿಗೆ ಎಷ್ಟು ಆಸೆಯಿತ್ತು ಅಂತ ಈ ಹೆಸರುಗಳಲ್ಲೇ ಕಾಣುತ್ತೆ. ನಮಗೆ ಮಾತ್ರ ತಲೆನೋವು.

ಸುಮ್ನೆ ಓದುಗ
ಅಡ್ಮಿನ್ ಬೈಯದ ಪ್ರಶ್ನೆ: ಎರಡು ಹೆಂಡತಿ, ಎರಡು ಸಂಸಾರ, ಮನೆ ಎಷ್ಟು?

ರಾಲಿ ರಾಯ
ಮೊದಲು ಒಂದೇ ಮನೆ. ಆಮೇಲೆ ಅಕ್ಕತಂಗಿಯರಿಗೆ ಹೊಂದಿಕೆಯಾಗದೆ ಎರಡು ಮನೆ ಕಟ್ಟಿಸಿದರು. ಮೂರು ದಿನ ಚಾಂಗ್ ಮನೆ, ಮೂರು ದಿನ ಎಂಗ್ ಮನೆ. ಯಾರ ಮನೆಯೋ ಆ ಮೂರು ದಿನ ಅವನದೇ ಯಜಮಾನಿಕೆ, ಇನ್ನೊಬ್ಬ ಬಾಯಿ ಬಿಡೋ ಹಾಗಿಲ್ಲ. ಈ ನಿಯಮವನ್ನು ಸಾಯುವವರೆಗೂ ಬಿಡಲಿಲ್ಲ. 1874ರ ಜನವರಿಯಲ್ಲಿ ಚಾಂಗ್‌ಗೆ ಎದೆ ಕಟ್ಟಿತ್ತು, ಮೈ ಹುಷಾರಿರಲಿಲ್ಲ. ಆದರೂ ಎಂಗ್ ಮನೆಯ ಸರದಿ ಬಂತು ಅಂತ ಆ ಚಳಿಯಲ್ಲೇ ಹೊರಟರು. 17ರ ಬೆಳಗಿನ ಜಾವ ಚಾಂಗ್ ಸತ್ತ, ಕೆಲವು ಗಂಟೆಗಳಲ್ಲಿ ಎಂಗ್ ಕೂಡ.

ಮೊದಲ ಮಕ್ಕಳ ಹುಟ್ಟಿದ ದಿನ ನೋಡಿ. ಎಂಗ್‌ನ ಮಗಳು ಕ್ಯಾಥರೀನ್ 1844ರ ಫೆಬ್ರವರಿ 10, ಚಾಂಗ್‌ನ ಮಗಳು ಜೋಸೆಫೀನ್ ಅದೇ ಫೆಬ್ರವರಿ 16. ವಯಸ್ಸು ನೋಡಿ ಯಾರ ಮಗು ಅಂತ ಹೇಳೋಣ ಅಂದ್ರೂ ಆಗಲ್ಲ. ಗಣತಿಯವನು ಬಾಗಿಲು ತಟ್ಟಿದಾಗ ಅವನ ಪಾಡು ಏನಾಗಿರಬೇಕು!

ಹಳೇ ಕಡತ
ಕನ್ನಡತಿ ಅವರೇ, ಈಗ ನೀವು ಹುಡುಕಬೇಕಾದ್ದು ಎರಡು. ಒಂದು, ಅವಳ ಮರಣ ಪ್ರಮಾಣಪತ್ರ. ನಾರ್ತ್ ಕ್ಯಾರೊಲಿನಾದಲ್ಲಿ ಇಡೀ ರಾಜ್ಯಕ್ಕೆ ಜನನ ಮರಣ ನೋಂದಣಿ ಶುರುವಾಗಿದ್ದು 1913ರಲ್ಲಿ. ಅದರಲ್ಲಿ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು ಇರುತ್ತೆ. ಫ್ಯಾಮಿಲಿಸರ್ಚ್ ಅನ್ನುವ ವಂಶ ಹುಡುಕುವ ವೆಬ್‌ಸೈಟಿನಲ್ಲಿ ದುಡ್ಡು ಕೊಡದೇ ನೋಡಬಹುದು. ಎರಡು, ಮದುವೆಯ ಲೈಸೆನ್ಸ್. 1868ಕ್ಕೆ ಮುಂಚೆ ಇಲ್ಲಿ ಮದುವೆಗೆ ಬಾಂಡ್, ಅಂದ್ರೆ ಮುಚ್ಚಳಿಕೆ ಬರೆಸುತ್ತಿದ್ದರು, ಅದರಲ್ಲಿ ಅಪ್ಪ ಅಮ್ಮನ ಹೆಸರು ಇರಲ್ಲ. ಆಮೇಲಿನ ಲೈಸೆನ್ಸ್‌ನಲ್ಲಿ ಇರುತ್ತೆ. ಸರ್ರಿ ಕೌಂಟಿಯ ಕೇಂದ್ರ ಡಾಬ್ಸನ್, ಅಲ್ಲಿನ ನೋಂದಣಿ ಕಚೇರಿಯಲ್ಲಿ ಕೇಳಿ.

ತುಮಕೂರು ತಟ್ಟೆಇಡ್ಲಿ
ಸಮಾಧಿ ಕಲ್ಲು ನೋಡಿದರೆ ಆಯ್ತಲ್ಲ?

ಬೇರುಹುಡುಕಿ
ಕಲ್ಲೂ ದಾರಿ ತಪ್ಪಿಸುತ್ತೆ. ಮೌಂಟ್ ಏರಿ ಹತ್ತಿರ ವೈಟ್ ಪ್ಲೇನ್ಸ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಇಬ್ಬರ ಹೆಸರೂ ಇರುವ ಕಲ್ಲಿದೆ, ಹೆಂಡತಿಯರ ಹೆಸರೂ ಇದೆ. ಅದನ್ನು ನೋಡಿ 1874ರಲ್ಲಿ ಅಲ್ಲೇ ಹೂಳಿದರು ಅಂತ ಎಷ್ಟೋ ಜನ ಬರೆದುಕೊಳ್ತಾರೆ. ಆದರೆ ಸತ್ತ ಮೇಲೆ ದೇಹವನ್ನು ಪರೀಕ್ಷೆಗೆ ಫಿಲಡೆಲ್ಫಿಯಾಕ್ಕೆ ಒಯ್ದಿದ್ದರು. ಅವರ ದೇಹದ ಪ್ಲಾಸ್ಟರ್ ಅಚ್ಚು ಮತ್ತು ಕೂಡಿಕೊಂಡಿದ್ದ ಪಿತ್ತಜನಕಾಂಗ ಇವತ್ತಿಗೂ ಅಲ್ಲಿನ ಮ್ಯೂಟರ್ ಮ್ಯೂಸಿಯಂನಲ್ಲಿವೆ. ಉಳಿದದ್ದನ್ನು ವಾಪಸ್ ತಂದು ಮನೆ ಜಮೀನಿನಲ್ಲಿ ಹೂಳಿದರು. ಚರ್ಚಿಗೆ ಸಾಗಿಸಿದ್ದು ಅಡಿಲೇಡ್ 1917ರಲ್ಲಿ ತೀರಿಕೊಂಡ ಮೇಲೆ.

ಕೋಲಾರ ಚಿನ್ನ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಬ್ಬರೂ ಈ ಮಾತು ಎತ್ತಲಿಲ್ಲ. ಚಾಂಗ್ ಮತ್ತು ಎಂಗ್ ಗುಲಾಮರನ್ನು ಇಟ್ಟುಕೊಂಡಿದ್ದರು. ತಾವೇ ಒಂದು ಕಾಲದಲ್ಲಿ ಇನ್ನೊಬ್ಬರ ಸರಕಾಗಿ ಊರೂರು ಸುತ್ತಿದವರು, ಆಮೇಲೆ ತಾವೇ ಮನುಷ್ಯರನ್ನು ಕೊಂಡರು. ಗಂಡುಮಕ್ಕಳಲ್ಲಿ ಕ್ರಿಸ್ಟೋಫರ್ ಮತ್ತು ಸ್ಟೀಫನ್ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆ ಸೇರಿ ಹೋರಾಡಿದರು.

ಗ್ರೇಸ್ ಗೇಟ್ಸ್ ಅಂತ ಒಬ್ಬ ಹೆಂಗಸು. ಯೇಟ್ಸ್ ಮನೆಯವರು ಮದುವೆಯ ಉಡುಗೊರೆಯಾಗಿ ಅವಳನ್ನು ಅವಳಿಗಳಿಗೆ ಕೊಟ್ಟರು. ಪಾತ್ರೆ ಕೊಟ್ಟ ಹಾಗೆ! ಆ 21 ಮಕ್ಕಳನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಬಂಕರ್ ಮಕ್ಕಳ ಹುಟ್ಟಿದ ದಿನ ನಮಗೆ ತಾರೀಖು ಸಮೇತ ಗೊತ್ತು. ಗ್ರೇಸ್‌ಳ ಮಕ್ಕಳದ್ದು?

ತುಮಕೂರು ತಟ್ಟೆಇಡ್ಲಿ
ಸರಿ, ಆದರೆ ವಿಷಯ ಎಲ್ಲಿಂದ ಎಲ್ಲಿಗೋ ಹೋಗ್ತಿದೆ. ಅವರು ಕೇಳಿದ್ದು ಗೆಳತಿಯ ವಂಶ.

ಕೋಲಾರ ಚಿನ್ನ
ಎಲ್ಲಿಗೂ ಹೋಗಿಲ್ಲ. ಅದೇ ಮನೆ, ಅದೇ ಕೌಂಟಿ, ಅದೇ ಕಡತ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಒಡೆಯನ ಹೆಸರು ಮೇಲೆ, ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರಿಲ್ಲ. ಬಿಡುಗಡೆಯಾದವರೆಲ್ಲ ಹೆಸರು ಸಮೇತ ಗಣತಿಯಲ್ಲಿ ಬರುವುದು 1870ರಲ್ಲಿ. ಕಪ್ಪು ಜನರ ವಂಶ ಹುಡುಕುವವರೆಲ್ಲ ಆ ಗೋಡೆಗೆ ಹೋಗಿ ಹಣೆ ಚಚ್ಚಿಕೊಳ್ತಾರೆ. 1890ರ ಕಾಗದ ಸುಟ್ಟಿತು ಅಂತ ನಾವು ಇಲ್ಲಿ ಅಳ್ತಾ ಇದ್ದೀವಿ. ಅವರದ್ದು ಸುಡಲೇ ಇಲ್ಲ, ಬರೆಯಲೇ ಇಲ್ಲ.

ಹಳೇ ಕಡತ
ಚಿನ್ನ ಅವರು ಹೇಳಿದ್ದು ಸರಿ. ಗೋಡೆಯಲ್ಲಿ ಸಂದಿಗಳೂ ಇವೆ. ಒಡೆಯರ ಉಯಿಲು, ಆಸ್ತಿ ಪಾಲು, ಕ್ರಯಪತ್ರಗಳಲ್ಲಿ ಗುಲಾಮರ ಹೆಸರು ಬರುತ್ತೆ, ಅವರು "ಆಸ್ತಿ" ಆಗಿದ್ದರಿಂದಲೇ. ಕೇಳಲು ಹಿಂಸೆ, ಆದರೆ ಹುಡುಕುವವರಿಗೆ ಸಿಗುವುದು ಅದೇ. 1866ರಲ್ಲಿ ನಾರ್ತ್ ಕ್ಯಾರೊಲಿನಾ ಒಂದು ಕಾನೂನು ತಂದಿತು. ಗುಲಾಮಗಿರಿಯಲ್ಲಿ ಜೊತೆಗೆ ಬಾಳಿದ ಗಂಡ ಹೆಂಡತಿ ಕೌಂಟಿ ಕಚೇರಿಗೆ ಬಂದು ಮದುವೆ ನೋಂದಾಯಿಸಬೇಕು. ಎಷ್ಟು ವರ್ಷದಿಂದ ಜೊತೆಗಿದ್ದಾರೆ ಅಂತ ಅಲ್ಲಿ ಬರೆಸಿದ್ದಾರೆ. ಕೆಲವು ಕೌಂಟಿಗಳಲ್ಲಿ ಆ ಪುಸ್ತಕಗಳು ಉಳಿದಿವೆ.

ಮೂಡಿಗೆರೆ ಮಳೆ
ಈ ವಂಶಕ್ಕೂ ನಮ್ಮ ದೇಶಕ್ಕೂ ಒಂದು ನಂಟಿದೆ, ಯಾರಿಗಾದ್ರೂ ಗೊತ್ತಾ? ಚಾಂಗ್‌ನ ಮೊಮ್ಮಗ ಕೇಲೆಬ್ ಹೇನ್ಸ್ ಅಮೆರಿಕದ ವಾಯುಪಡೆಯಲ್ಲಿ ಜನರಲ್ ಆದವರು. 1942ರಲ್ಲಿ ಅಸ್ಸಾಮಿನಿಂದ ಬರ್ಮಾ ಮತ್ತು ಚೀನಾಕ್ಕೆ ಸಾಮಾನು ಸಾಗಿಸುವ ವಿಮಾನ ಪಡೆಯನ್ನು ನಡೆಸಿದ್ದು ಅವರೇ. ಆಮೇಲೆ ಭಾರತದಲ್ಲಿದ್ದ ಅಮೆರಿಕನ್ ವಾಯು ಕಾರ್ಯಪಡೆಯ ಮುಖ್ಯಸ್ಥರೂ ಆದರು. ಸಯಾಮಿನಿಂದ ಅಜ್ಜ ಹೋದ, ಮೊಮ್ಮಗ ಸಯಾಮಿನ ನೆರೆಗೇ ಬಂದ.

ರಾಲಿ ರಾಯ
ಫ್ಲಾರಿಡಾದಲ್ಲಿ 2010ರಲ್ಲಿ ಗವರ್ನರ್ ಚುನಾವಣೆಗೆ ನಿಂತಿದ್ದ ಅಲೆಕ್ಸ್ ಸಿಂಕ್ ಕೂಡ ಚಾಂಗ್‌ನ ಮರಿಮೊಮ್ಮಗಳು. ಸ್ವಲ್ಪದರಲ್ಲಿ ಸೋತರು.

ಸುಮ್ನೆ ಓದುಗ
ದೊಡ್ಡವರೆಲ್ಲ ಚಾಂಗ್ ಕಡೆಯವರೇ ಬರ್ತಿದ್ದಾರೆ. ಅದಕ್ಕೇ ಸೋದರಮಾವ ಚಾಂಗ್ ಅಂತ ಪಟ್ಟು ಹಿಡಿದಿರೋದು 😄

ಶಾರ್ಲೆಟ್ ಕನ್ನಡತಿ
ಓದುಗರೇ, ನೀವು ತಮಾಷೆಗೆ ಹೇಳಿದ್ದು, ನಿಜವಾಗಿಯೂ ಅದೇ ಕಾರಣ ಇರಬಹುದು!

ಹೊಸ ಸುದ್ದಿ ಇದೆ. ಮರಣ ಪ್ರಮಾಣಪತ್ರ ಸಿಕ್ಕಿತು. ಅವಳನ್ನು ಗಂಡನ ಅಡ್ಡಹೆಸರಿನಲ್ಲಿ ಹುಡುಕಿದೆವು, ಅದರಲ್ಲೂ ಒಂದು ಅಕ್ಷರ ತಪ್ಪಾಗಿ ಸೂಚಿಗೆ ಸೇರಿತ್ತು. ಅಪ್ಪನ ಹೆಸರಿನ ಜಾಗದಲ್ಲಿ ಎಂಗ್‌ನ ಮಗನೊಬ್ಬನ ಹೆಸರಿದೆ. ಅಮ್ಮನ ಹೆಸರಿನ ಜಾಗದಲ್ಲಿ "ಗೊತ್ತಿಲ್ಲ" ಅಂತ ಬರೆದಿದ್ದಾರೆ. ಮಾಹಿತಿ ಕೊಟ್ಟವರು ಅವಳ ಅಳಿಯ. ಚಿಕ್ಕಮ್ಮ ಗೆದ್ದೆ ಅಂತ ಕುಣೀತಿದ್ದಾರೆ. ಸೋದರಮಾವ ಒಪ್ತಾ ಇಲ್ಲ.

ಬೇರುಹುಡುಕಿ
ಮಾವನವರ ಅನುಮಾನ ತಪ್ಪಲ್ಲ. ಅತ್ತೆಯ ತವರಿನ ವಿಷಯ ಅಳಿಯನಿಗೆ ಎಷ್ಟು ಗೊತ್ತಿರುತ್ತೆ ಹೇಳಿ? ಅವನಿಗೆ ಅತ್ತೆಯ ಅಮ್ಮನ ಹೆಸರೇ ಗೊತ್ತಿಲ್ಲ. ಸಾವಿನ ದಿನ, ಊರು, ಇದಕ್ಕೆ ಆ ಕಾಗದ ಗಟ್ಟಿ ಸಾಕ್ಷಿ. ಅಪ್ಪನ ಹೆಸರಿಗೆ ಕೇಳಿದ ಮಾತು ಅಷ್ಟೇ.

ಜೀವಕೋಶ
ಆದರೂ ಅವನು ಬಂಕರ್ ಅಂತ ಮಾತ್ರ ಬರೆಸಿಲ್ಲ, ನಿರ್ದಿಷ್ಟ ಮಗನ ಹೆಸರು ಹೇಳಿದ್ದಾನೆ. ಅದಕ್ಕೆ ಸ್ವಲ್ಪವಾದರೂ ತೂಕ ಕೊಡಬೇಕು. ಕಾಗದ ಇಷ್ಟು ತೋರಿಸಿದೆಯಲ್ಲ, ಈಗ ಡಿಎನ್‌ಎ ಉಪಯೋಗಕ್ಕೆ ಬರಬಹುದು. ಆ ಮಗನ ಹೆಂಡತಿಯ ತವರಿನವರು ಯಾರು ಅಂತ ನೋಡಿ. ಆ ತವರಿನ ನೆಂಟರು ನಿಮ್ಮ ಗೆಳತಿಯ ಪಟ್ಟಿಯಲ್ಲಿ ಬಂದರೆ ಅದು ಅವಳಿಗಳಿಗೆ ಸಂಬಂಧವಿಲ್ಲದ ರಕ್ತ, ಅಲ್ಲಿ ಚಾಂಗ್ ಎಂಗ್ ಗೊಂದಲ ಇಲ್ಲ.

ರಾಲಿ ರಾಯ
ಇದು ಒಳ್ಳೆ ದಾರಿ. ನಾನು ಹೇಳಿದ ಐವತ್ತು ಜನರೂ ಇಲ್ಲಿ ಕೆಲಸಕ್ಕೆ ಬರ್ತಾರೆ ನೋಡಿ.

ಜೀವಕೋಶ
ಬೇರೆ ಐವತ್ತು ಜನ 🙂

ಶಾರ್ಲೆಟ್ ಕನ್ನಡತಿ
ಜುಲೈನಲ್ಲಿ ಮೌಂಟ್ ಏರಿಯಲ್ಲಿ ವಂಶದವರೆಲ್ಲ ಸೇರ್ತಾರಂತೆ, ಪ್ರತಿ ವರ್ಷ. ಗೆಳತಿ ಈ ಸಲ ಹೋಗ್ತಿದ್ದಾಳೆ, ನನ್ನನ್ನೂ ಕರೆದಿದ್ದಾಳೆ. ಅದಕ್ಕೆ ಮುಂಚೆ ಡಾಬ್ಸನ್‌ಗೆ ಹೋಗಿ ಮದುವೆ ಲೈಸೆನ್ಸ್ ನೋಡಬೇಕು. ಏನೇನು ಗಮನಿಸಬೇಕು ಹೇಳಿ.

ಧಾರವಾಡ ಪೇಡ
ಹೋಗೋ ಮುಂಚೆ ಮನಿಯಾಗಿನ ಹಳೇ ಬೈಬಲ್ ತೆಗೆಸ್ರಿ. ಅವರ ಕಡೆ ಹುಟ್ಟು ಸಾವು ಅದರಾಗ ಬರೀತಾರಂತ ಕೇಳೀನಿ.

ಹಳೇ ಕಡತ
ಬೈಬಲ್ ಸಲಹೆ ಚೆನ್ನಾಗಿದೆ. ಎಲ್ಲ ಹುಟ್ಟಿದ ದಿನಗಳೂ ಒಂದೇ ಕೈಬರಹ, ಒಂದೇ ಶಾಯಿಯಲ್ಲಿದ್ದರೆ ಯಾರೋ ಆಮೇಲೆ ಕೂತು ಒಟ್ಟಿಗೆ ತುಂಬಿಸಿದ್ದು ಅಂತ ತಿಳಿಯಿರಿ. ಪುಸ್ತಕ ಅಚ್ಚಾದ ವರ್ಷವನ್ನೂ ನೋಡಿ.

ಡಾಬ್ಸನ್‌ನಲ್ಲಿ ಸೂಚಿ ಮಾತ್ರ ನೋಡಿ ಬರಬೇಡಿ, ಲೈಸೆನ್ಸ್‌ನ ಮೂಲ ಪುಟ ಕೇಳಿ ಫೋಟೋ ತಗೊಳ್ಳಿ. ಹುಡುಗಿಯ ಅಪ್ಪ ಅಮ್ಮನ ಹೆಸರಿನ ಪಕ್ಕ "ಇದ್ದಾರೆ, ಇಲ್ಲ" ಅಂತ ಬರೆದಿರುತ್ತೆ, ಅದನ್ನು ಬಿಡಬೇಡಿ. ಸಾಕ್ಷಿ ಹಾಕಿದವರ ಹೆಸರನ್ನೂ ಬರೆದುಕೊಳ್ಳಿ, ಬಹಳ ಸಲ ಅವರು ಚಿಕ್ಕಪ್ಪ, ಸೋದರಮಾವ ಆಗಿರ್ತಾರೆ. ಆ ಕಾಲದ ಮದುವೆ ದಾಖಲೆಗಳಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಗುರುತು ಮಾಡಿರ್ತಾರೆ. ಹೇಗೂ ಅಷ್ಟು ದೂರ ಹೋಗ್ತಿದ್ದೀರಿ, ಕಪ್ಪು ಜನರ ದಾಖಲೆಯಲ್ಲೂ ಬಂಕರ್, ಗೇಟ್ಸ್ ಹೆಸರು ಇದ್ದರೆ ಆ ಪುಟಗಳ ಫೋಟೋ ತಂದು ಇಲ್ಲಿ ಹಾಕಿ.

ಕೋಲಾರ ಚಿನ್ನ
ಹಾಕಿದರೆ ಅಕ್ಷರ ಓದಿ ಪಟ್ಟಿ ಮಾಡುವ ಕೆಲಸ ನನ್ನದು.